ಪೋರ್ಟ್‌ಲೆಂಡ್‌ನ 10 ಸೆಂಟ್ ಪೆಟ್ರೋಲ್ ತೆರಿಗೆ: ಕೊಟ್ಟ ದುಡ್ಡಿಗೆ ಏನು ಸಿಗುತ್ತಿದೆ?

ಮೊದಲು ಸ್ಟಾರ್ ಹೇಳಿಬಿಡುತ್ತೇನೆ, 5ಕ್ಕೆ 3.5.

ನಾನು ರಿವ್ಯೂ ಬರೆಯುತ್ತಿರುವುದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ರಸ್ತೆ ಸೇವೆಯ ಬಗ್ಗೆ. ಹೆಸರು 'ಫಿಕ್ಸಿಂಗ್ ಅವರ್ ಸ್ಟ್ರೀಟ್ಸ್'. ನಗರದ ಗಡಿಯೊಳಗೆ ಯಾವ ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸಿದರೂ ಗ್ಯಾಲನ್‌ಗೆ 10 ಸೆಂಟ್ ಇದಕ್ಕೆ ಹೋಗುತ್ತದೆ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಆ ದುಡ್ಡಿನಲ್ಲಿ ರಸ್ತೆಗೆ ಡಾಂಬರು ಬೀಳುತ್ತದೆ, ಗುಂಡಿ ಮುಚ್ಚುತ್ತದೆ, ಫುಟ್‌ಪಾತ್ ಬರುತ್ತದೆ, ಶಾಲೆ ಮುಂದೆ ಜೀಬ್ರಾ ಕ್ರಾಸಿಂಗ್ ಬರುತ್ತದೆ. ಇದು ಶಾಶ್ವತ ತೆರಿಗೆ ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ಅವಧಿ ಮುಗಿಯುತ್ತದೆ, ಮತ್ತೆ ಜನರ ಹತ್ತಿರ ಹೋಗಿ ಕೇಳಬೇಕು, ಜನ ಹೂಂ ಅಂದರೆ ಮಾತ್ರ ಮುಂದುವರಿಯುತ್ತದೆ. ಇದುವರೆಗೆ ಮೂರು ಸಲ ಹೂಂ ಅಂದಿದ್ದಾರೆ.

ಊರಿಂದ ಫೋನ್ ಮಾಡಿದವರಿಗೆ ಇದನ್ನು ಹೇಳಿದರೆ ನಂಬುವುದೇ ಕಷ್ಟ. ಪೆಟ್ರೋಲ್ ಮೇಲಿನ ತೆರಿಗೆಯನ್ನು ಜನರೇ ಓಟು ಹಾಕಿ ಮುಂದುವರಿಸುತ್ತಾರಾ ಅಂತ ಕೇಳುತ್ತಾರೆ. ಹೌದು, ಹಾಕುತ್ತಾರೆ. ಯಾಕೆ ಹಾಕುತ್ತಾರೆ, ಹಾಕಿದ್ದಕ್ಕೆ ಸರಿಯಾಗಿ ಸಿಕ್ಕಿದೆಯಾ, ಮುಂದಿನ ಸಲವೂ ಹಾಕಬೇಕಾ ಅನ್ನುವುದೇ ಈ ಬರಹ.

ಸ್ವಲ್ಪ ಹಿಂದಿನ ಕಥೆ ಗೊತ್ತಿದ್ದರೆ ಒಳ್ಳೆಯದು. 2014ರ ಹೊತ್ತಿಗೆ ಪೋರ್ಟ್‌ಲೆಂಡ್ ರಸ್ತೆಗಳ ಸ್ಥಿತಿ ಕೆಟ್ಟಿತ್ತು. ಆಗಿನ ಮೇಯರ್ ಚಾರ್ಲಿ ಹೇಲ್ಸ್ ಮತ್ತು ಸಾರಿಗೆ ನೋಡಿಕೊಳ್ಳುತ್ತಿದ್ದ ಕಮಿಷನರ್ (ಇಲ್ಲಿ ಕಮಿಷನರ್ ಅಂದರೆ ಅಧಿಕಾರಿ ಅಲ್ಲ, ಜನ ಆರಿಸಿದ ಕೌನ್ಸಿಲ್ ಸದಸ್ಯ) ಸ್ಟೀವ್ ನೋವಿಕ್ ಮನೆಗಳ ಮೇಲೆ, ಅಂಗಡಿ ಕಚೇರಿಗಳ ಮೇಲೆ ತಿಂಗಳ ರಸ್ತೆ ಶುಲ್ಕ ಹಾಕುವ ಯೋಚನೆ ತಂದರು. ಜನ ಒಪ್ಪಲಿಲ್ಲ. ವ್ಯಾಪಾರಿಗಳು ಒಪ್ಪಲಿಲ್ಲ. ಎಷ್ಟೋ ಸಲ ಬದಲಾಯಿಸಿ, ತಿದ್ದಿ, ಕೊನೆಗೆ 2015ರ ಆರಂಭದಲ್ಲಿ ಕೈಬಿಟ್ಟರು. ಆಮೇಲೆ ಬಂದದ್ದು ಈ 10 ಸೆಂಟ್. 2016ರ ಮೇ ತಿಂಗಳಲ್ಲಿ ಓಟಿಗೆ ಹಾಕಿದರು, ಶೇ 52ರ ಆಸುಪಾಸಿನಲ್ಲಿ, ಅಂದರೆ ಕೂದಲೆಳೆಯಲ್ಲಿ ಪಾಸಾಯಿತು. 2017ರ ಜನವರಿಯಿಂದ ವಸೂಲಿ ಶುರು. ನೋವಿಕ್ ಅದೇ 2016ರ ನವೆಂಬರ್‌ನಲ್ಲಿ ಚುನಾವಣೆ ಸೋತರು. ತೆರಿಗೆ ತಂದವರು ಹೋದರು, ತೆರಿಗೆ ಉಳಿಯಿತು! (2024ರಲ್ಲಿ ಹೊಸ ಮಾದರಿಯ 12 ಜನರ ಕೌನ್ಸಿಲ್‌ಗೆ ಅವರು ಮತ್ತೆ ಗೆದ್ದು ಬಂದರು, ಅದು ಬೇರೆ ಮಾತು.)

2020ರ ಮೇನಲ್ಲಿ ಮೊದಲ ವಿಸ್ತರಣೆ. ಆಗ ಕೋವಿಡ್ ಬಂದು ಎಲ್ಲ ಬಾಗಿಲು ಹಾಕಿದ್ದ ಕಾಲ, ಜನರ ಕೆಲಸ ಹೋಗುತ್ತಿತ್ತು. ಇಂಥ ಹೊತ್ತಲ್ಲಿ ತೆರಿಗೆ ಕೇಳಿದರೆ ಯಾರು ಕೊಡುತ್ತಾರೆ ಅನ್ನಿಸಬೇಕು. ಆದರೆ ಶೇ 77ರ ಹತ್ತಿರ ಬೆಂಬಲ ಬಂತು. 2024ರ ಮೇನಲ್ಲಿ ಎರಡನೇ ವಿಸ್ತರಣೆ, ಆಗ ಸುಮಾರು ಶೇ 70. ಕೂದಲೆಳೆಯಿಂದ ಇಷ್ಟು ದೂರ ಬಂದಿದೆ ಅಂದರೆ ನಾಲ್ಕು ವರ್ಷದಲ್ಲಿ ಜನರ ಕಣ್ಣಿಗೆ ಏನೋ ಬಿದ್ದಿರಬೇಕು ಅಲ್ವಾ? ಸುಮ್ನೆ ಯಾರೂ ತೆರಿಗೆಗೆ ಹೂಂ ಅನ್ನುವುದಿಲ್ಲ.

ಈಗ ಬೆಲೆ. ನನಗೆ ಇದರಲ್ಲಿ ದೂರಿಲ್ಲ. ವರ್ಷಕ್ಕೆ 10,000 ಮೈಲಿ ಓಡಿಸುವ, ಗ್ಯಾಲನ್‌ಗೆ 25 ಮೈಲಿ ಕೊಡುವ ಸಾಧಾರಣ ಕಾರು ಅಂದುಕೊಳ್ಳಿ. 400 ಗ್ಯಾಲನ್ ಬೇಕು. ಎಲ್ಲವನ್ನೂ ಪೋರ್ಟ್‌ಲೆಂಡ್ ಒಳಗೇ ಹಾಕಿಸಿದರೂ ವರ್ಷಕ್ಕೆ 40 ಡಾಲರ್. ಕೆಟ್ಟ ಗುಂಡಿಯಲ್ಲಿ ಒಂದು ಟೈರು, ಒಂದು ರಿಮ್ಮು ಹೋದರೆ ಇದಕ್ಕಿಂತ ಎಷ್ಟೋ ಜಾಸ್ತಿ ಖರ್ಚು.

ಬಂಕ್‌ನ ಬೋರ್ಡಿನಲ್ಲಿ ಇದು ಬೇರೆಯಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ ಪೆಟ್ರೋಲ್ ರೇಟ್ ಅಂದರೆ ಎಲ್ಲ ತೆರಿಗೆ ಸೇರಿಸಿಯೇ ದೊಡ್ಡ ಅಂಕಿಯಲ್ಲಿ ಹಾಕುತ್ತಾರೆ. ಒಳಗೆ ಬಿಡಿಸಿ ನೋಡಿದರೆ 2024ರ ಲೆಕ್ಕ ಹೀಗಿತ್ತು. ಕೇಂದ್ರ ಸರ್ಕಾರದ್ದು 18.4 ಸೆಂಟ್, ಆರೆಗಾನ್ ರಾಜ್ಯದ್ದು 40 ಸೆಂಟ್, ಮಲ್ಟ್‌ನೋಮಾ ಕೌಂಟಿಯದು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) 3 ಸೆಂಟ್, ನಗರದ್ದು 10. ಒಟ್ಟು 71.4 ಸೆಂಟ್. ಅದರಲ್ಲಿ ನಗರದ ಪಾಲು ಏಳರಲ್ಲಿ ಒಂದು. ಆದರೆ ಆ ಒಂದು ಪಾಲು ನಮ್ಮ ಬೀದಿಗೇ ಬರುತ್ತದೆ. ರಾಜ್ಯದ ದುಡ್ಡನ್ನು ರಾಜ್ಯ, ಕೌಂಟಿ, ನಗರ ಅಂತ ಸುಮಾರು 50-30-20ರ ಲೆಕ್ಕದಲ್ಲಿ ಹಂಚುತ್ತಾರೆ, ಆ 20ರಲ್ಲಿ ಆರೆಗಾನ್‌ನ ಎಲ್ಲ ಊರುಗಳೂ ಪಾಲುದಾರರು.

ಕೇಂದ್ರದ 18.4 ಸೆಂಟ್ 1993ರಿಂದ ಹಾಗೇ ಇದೆ. ಒಂದು ಸೆಂಟೂ ಏರಿಲ್ಲ. ಡಾಂಬರಿನ ಬೆಲೆ, ಕೆಲಸಗಾರರ ಸಂಬಳ, ಲಾರಿ ಬಾಡಿಗೆ ಯಾವುದೂ 1993ರಲ್ಲಿ ನಿಂತಿಲ್ಲ. ಮೇಲಿಂದ ಬರುವ ದುಡ್ಡಿನ ಶಕ್ತಿ ಹೀಗೆ ಕರಗುತ್ತಾ ಹೋದಾಗ ಊರುಗಳು ತಾವೇ ಏನಾದರೂ ಮಾಡಿಕೊಳ್ಳಬೇಕಾಯಿತು. ಆರೆಗಾನ್‌ಗೆ ಇದು ಹೊಸದೇನಲ್ಲ. ರಸ್ತೆಗೆಂದು ಪೆಟ್ರೋಲ್ ಮೇಲೆ ತೆರಿಗೆ ಹಾಕಿದ ಅಮೆರಿಕದ ಮೊದಲ ರಾಜ್ಯ ಇದೇ, 1919ರಲ್ಲಿ, ಗ್ಯಾಲನ್‌ಗೆ 1 ಸೆಂಟ್. ಈಗ ಯೂಜೀನ್ ನಗರದಲ್ಲಿ 5 ಸೆಂಟ್ ಇದೆ, ಇನ್ನೂ ಹಲವು ಚಿಕ್ಕ ಊರುಗಳಲ್ಲೂ ಇದೆ. ಆದರೆ ರಾಜ್ಯದ ಕಾನೂನಿನ ಪ್ರಕಾರ ಯಾವ ಊರೂ ಹೊಸದಾಗಿ ಇಂಥ ತೆರಿಗೆಯನ್ನು ತನ್ನಷ್ಟಕ್ಕೆ ಹಾಕುವಂತಿಲ್ಲ, ಜನರ ಓಟು ಬೇಕೇ ಬೇಕು.

ಸರಿ, ಏನು ಸಿಗುತ್ತದೆ?

2024ರ ವಿಸ್ತರಣೆಯಲ್ಲಿ ನಾಲ್ಕು ವರ್ಷಕ್ಕೆ 70.5 ಮಿಲಿಯನ್ ಡಾಲರ್ ಬರುತ್ತದೆ ಅಂತ ಅಂದಾಜು. ಅದನ್ನು ಮೂರು ಸಮ ಪಾಲು ಮಾಡಿದ್ದಾರೆ. ಒಂದು ಪಾಲು ರಸ್ತೆಯ ಮೇಲ್ಮೈಗೆ, ಒಂದು ಜನರ ಸುರಕ್ಷತೆಗೆ, ಇನ್ನೊಂದು ದಿನನಿತ್ಯದ ಕೆಲಸಗಳಿಗೆ, ಅಂದರೆ ಗುಂಡಿ, ಜಲ್ಲಿ ರಸ್ತೆ, ಬೀದಿ ದೀಪ ಇಂಥವು.

ಡಾಂಬರಿನ ಕೆಲಸವೇ ನನಗೆ ಅತಿ ಮುಖ್ಯ ಅನ್ನಿಸುವುದು, ಅದರ ಕಾರಣ ಹೇಳಬೇಕು. ರಸ್ತೆ ಒಂದೇ ದಿನ ಹಾಳಾಗುವುದಿಲ್ಲ. ಮೊದಲು ಕೂದಲಿನಷ್ಟು ಬಿರುಕು ಬರುತ್ತದೆ. ಪೋರ್ಟ್‌ಲೆಂಡ್‌ನಲ್ಲಿ ಅಕ್ಟೋಬರ್‌ನಿಂದ ಮಳೆ ಶುರುವಾದರೆ ವಸಂತದವರೆಗೂ ಜಿನುಗುತ್ತಲೇ ಇರುತ್ತದೆ. ಆ ನೀರು ಬಿರುಕಿನೊಳಗೆ ಇಳಿಯುತ್ತದೆ. ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗಿದಾಗ ಟೊಳ್ಳಾಗುತ್ತದೆ, ಮೇಲೆ ಬಸ್ಸು ಹೋದರೆ ಗುಂಡಿ. ಮೇಲ್ಪದರ ಮಾತ್ರ ಕೆಟ್ಟಾಗ ಕೆರೆದು ಹೊಸ ಪದರ ಹಾಕಿದರೆ ಮುಗಿಯಿತು. ಕೆಳಗಿನ ಬುನಾದಿಗೇ ನೀರು ಇಳಿದರೆ ಪೂರ್ತಿ ಅಗೆದು ಹೊಸದಾಗಿ ಕಟ್ಟಬೇಕು, ಖರ್ಚು ಹಲವು ಪಟ್ಟು. ಹಲ್ಲಿನ ಹುಳುಕು ಇದ್ದ ಹಾಗೆ, ಬೇಗ ತುಂಬಿಸಿದರೆ ಅಗ್ಗ, ಬೇರಿಗೆ ಇಳಿದ ಮೇಲೆ ದುಬಾರಿ. ಹಾಗಾಗಿ ಯಾವ ರಸ್ತೆಗೆ ಮೊದಲು ಡಾಂಬರು ಅನ್ನುವ ಪ್ರಶ್ನೆಗೆ 'ತುಂಬಾ ಕೆಟ್ಟದ್ದಕ್ಕೆ' ಅನ್ನುವ ಉತ್ತರ ಸರಿಯಲ್ಲ. ಇನ್ನೇನು ಕೆಡಲಿರುವ ರಸ್ತೆಯನ್ನು ಉಳಿಸಿಕೊಂಡರೆ ಅದೇ ದುಡ್ಡಿನಲ್ಲಿ ಜಾಸ್ತಿ ಮೈಲಿ ಉಳಿಯುತ್ತದೆ. ಜನರಿಗೆ ಇದು ಅರ್ಥವಾಗುವುದಿಲ್ಲ, 'ನಮ್ಮ ರಸ್ತೆ ಅಷ್ಟು ಕೆಟ್ಟಿದೆ, ಚೆನ್ನಾಗಿರುವ ಆ ರಸ್ತೆಗೆ ಯಾಕೆ ಹಾಕುತ್ತಿದ್ದಾರೆ' ಅಂತ ಸಿಟ್ಟಾಗುತ್ತಾರೆ. ಸಿಟ್ಟು ಸಹಜ. ಆದರೆ ಲೆಕ್ಕ ಅವರು ಅಂದುಕೊಂಡ ಹಾಗಿಲ್ಲ.

ಇನ್ನೊಂದು ವಿಷಯ ಡಾಂಬರಿನ ಬಿಲ್ಲಿನಲ್ಲಿ ಅಡಗಿರುತ್ತದೆ. ಅಮೆರಿಕದಲ್ಲಿ ಒಂದು ರಸ್ತೆಗೆ ಹೊಸ ಪದರ ಹಾಕಿದರೆ ಅದರ ಮೂಲೆಗಳಲ್ಲಿ ಗಾಲಿಕುರ್ಚಿ ಇಳಿಯುವ ಇಳಿಜಾರು ಮಾಡಿಕೊಡಲೇಬೇಕು, ಅಂಗವಿಕಲರ ಹಕ್ಕಿನ ಕಾನೂನು ಅದು. ಪೋರ್ಟ್‌ಲೆಂಡ್ 2018ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದೆ, 12 ವರ್ಷ ಕಾಲ ವರ್ಷಕ್ಕೆ 1,500 ಇಳಿಜಾರು ಕಟ್ಟುತ್ತೇವೆ ಅಂತ. ಒಂದೊಂದು ಮೂಲೆಗೂ ಕಾಂಕ್ರೀಟು, ಅಳತೆ, ಚರಂಡಿ ಸರಿಸುವುದು ಅಂತ ದುಡ್ಡು ಬೇಕು. ಇದರಿಂದ ಡಾಂಬರಿನ ಮೈಲಿ ಕಡಿಮೆಯಾಗುತ್ತದೆ ಅಂತ ಗೊಣಗುವವರನ್ನು ನೋಡಿದ್ದೇನೆ. ನನಗೆ ಆ ಗೊಣಗಾಟ ಒಪ್ಪಿಗೆಯಿಲ್ಲ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುವವರು, ಮಂಡಿ ನೋವಿನ ಹಿರಿಯರು, ಊರಿಂದ ಆರು ತಿಂಗಳಿಗೆ ಬಂದು ದಿನಾ ಸಂಜೆ ವಾಕಿಂಗ್ ಹೋಗುವ ಅಪ್ಪ ಅಮ್ಮ, ಎಲ್ಲರೂ ಆ ಇಳಿಜಾರನ್ನೇ ಬಳಸುತ್ತಾರೆ. ರಸ್ತೆ ಅಂದರೆ ಕಾರು ಓಡುವ ಪಟ್ಟಿ ಮಾತ್ರ ಅಲ್ಲವಲ್ಲ.

ಸುರಕ್ಷತೆಯ ಪಾಲಿಗೆ ಬರೋಣ. ಇಲ್ಲಿ ಮನಸ್ಸು ಭಾರವಾಗುತ್ತದೆ. 2025ರ ಹೊತ್ತಿಗೆ ರಸ್ತೆ ಸಾವು ಸೊನ್ನೆ ಮಾಡುತ್ತೇವೆ ಅಂತ ಪೋರ್ಟ್‌ಲೆಂಡ್ ಗುರಿ ಹಾಕಿಕೊಂಡಿತ್ತು. 2023ರಲ್ಲಿ ಸತ್ತವರು 69 ಜನ, ಹಲವು ದಶಕಗಳಲ್ಲೇ ಜಾಸ್ತಿ. ಕ್ರಾಸಿಂಗ್‌ಗಳಲ್ಲಿ ಮಿನುಗುವ ದೀಪ, ರಸ್ತೆ ಮಧ್ಯೆ ನಿಂತು ಉಸಿರಾಡಿಕೊಳ್ಳಲು ಚಿಕ್ಕ ಕಟ್ಟೆ, ಮನೆಗಳಿರುವ ಬೀದಿಯಲ್ಲಿ ಹಂಪ್, ಮಕ್ಕಳು ಶಾಲೆಗೆ ನಡೆದು ಹೋಗುವ ದಾರಿಯ ರಿಪೇರಿ, ಇವೆಲ್ಲ ಈ ತೆರಿಗೆಯಿಂದ ಆಗಿವೆ. ಮೊದಲ ನಾಲ್ಕು ವರ್ಷದ ಪಟ್ಟಿಯಲ್ಲೇ ಶಾಲಾ ದಾರಿಗಳಿಗೆ ಅಂತ 8 ಮಿಲಿಯನ್ ಡಾಲರ್ ಎತ್ತಿಟ್ಟಿದ್ದರು. ಕೆಲಸ ಆದ ಜಾಗದಲ್ಲಿ ದಾಟುವಾಗ ಧೈರ್ಯ ಬರುತ್ತದೆ, ಕಾರುಗಳು ನಿಜವಾಗಿ ನಿಲ್ಲುತ್ತವೆ. ಕೆಲಸ ಆಗದ ಜಾಗ ಇನ್ನೂ ಬೇಕಾದಷ್ಟಿವೆ.

ಆ ಬೇಕಾದಷ್ಟು ಜಾಗ ಜಾಸ್ತಿ ಇರುವುದು ಪೂರ್ವದ ಕಡೆ, 82ನೇ ಅವೆನ್ಯೂ ದಾಟಿದ ಮೇಲೆ. ಆ ಕಡೆಯ ಬಹುಪಾಲು ನೆಲ 1980 ಮತ್ತು 90ರ ದಶಕಗಳಲ್ಲಿ ನಗರಕ್ಕೆ ಸೇರಿದ್ದು. ಅದಕ್ಕೆ ಮುಂಚೆ ಕೌಂಟಿಯ ಕೈಯಲ್ಲಿತ್ತು, ಫುಟ್‌ಪಾತ್ ಇಲ್ಲದೆ, ಅಗಲವಾದ ವೇಗದ ರಸ್ತೆಗಳ ಸುತ್ತ ಬೆಳೆದದ್ದು. ಬಾಡಿಗೆ ಸ್ವಲ್ಪ ಕಡಿಮೆ ಅಂತ ಹೊಸದಾಗಿ ಬಂದವರು, ಬೇರೆ ಬೇರೆ ದೇಶದವರು, ಬಸ್ಸನ್ನೇ ನಂಬಿದವರು ಅಲ್ಲಿ ಜಾಸ್ತಿ. ಬಸ್ಸು ಇಳಿದು ಐದು ಲೇನ್ ದಾಟಬೇಕು. ಅಲ್ಲಿಗೆ ಮೊದಲು ಹೋಗಬೇಕು ದುಡ್ಡು ಅನ್ನುವುದು ನನ್ನ ಮಾತು, ನಗರವೂ ಹಾಗೇ ಹೇಳುತ್ತದೆ, ಆದರೆ ಅಲ್ಲಿನ ಅಗತ್ಯದ ಮುಂದೆ 70 ಮಿಲಿಯನ್ ಅನ್ನುವುದು ಚಿಕ್ಕ ಮೊತ್ತ.

ಜಲ್ಲಿ ರಸ್ತೆಗಳ ಬಗ್ಗೆ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಇಷ್ಟು ದೊಡ್ಡ ನಗರದಲ್ಲಿ ಇನ್ನೂ ಡಾಂಬರು ಕಾಣದ ಬೀದಿಗಳಿವೆ. ಹಳೆಯ ನಿಯಮದ ಪ್ರಕಾರ ಅಂಥ ಬೀದಿಯ ನಿರ್ವಹಣೆ ಅಕ್ಕಪಕ್ಕದ ಮನೆಯವರ ಜವಾಬ್ದಾರಿ. ಮಳೆಗಾಲದಲ್ಲಿ ಅಲ್ಲಿ ಕೆರೆ ನಿಂತ ಹಾಗೆ ನೀರು ನಿಲ್ಲುತ್ತದೆ. ವಿಸ್ತರಣೆಯ ನಂತರ ಈ ತೆರಿಗೆ ದುಡ್ಡಿನಲ್ಲಿ ಇಂಥ ಬೀದಿಗಳನ್ನು ಸಮ ಮಾಡಿ ಹೊಸ ಜಲ್ಲಿ ಹರಡುವ ಕೆಲಸವೂ ನಡೆಯುತ್ತಿದೆ. ಡಾಂಬರು ಹಾಕಿದಷ್ಟು ಸುಖವಿಲ್ಲ, ಆದರೂ ಮನೆಯವರ ತಲೆ ಮೇಲಿದ್ದ ಭಾರ ಸ್ವಲ್ಪ ಇಳಿಯಿತು. ಒಳ್ಳೆಯ ಕೆಲಸ.

ಏನು ಸಿಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು, ಏಕೆಂದರೆ ಎಷ್ಟೋ ಜನ ತಪ್ಪು ತಿಳಿದಿರುತ್ತಾರೆ. ಬಸ್ಸು, ಮ್ಯಾಕ್ಸ್ ರೈಲು ಓಡಿಸಲು ಈ ದುಡ್ಡಿನಲ್ಲಿ ಒಂದು ಸೆಂಟೂ ಹೋಗುವುದಿಲ್ಲ. ಆರೆಗಾನ್ ಸಂವಿಧಾನವೇ ಅಡ್ಡ ನಿಂತಿದೆ, ವಾಹನ ಇಂಧನದ ತೆರಿಗೆ ರಸ್ತೆಗೇ ಖರ್ಚಾಗಬೇಕು ಅನ್ನುತ್ತದೆ. ರಸ್ತೆಯ ಭಾಗವಾಗಿ ಫುಟ್‌ಪಾತ್, ಸೈಕಲ್ ಪಟ್ಟಿ ಮಾಡಬಹುದು, 1971ರ ಒಂದು ಕಾನೂನು ರಸ್ತೆ ದುಡ್ಡಿನಲ್ಲಿ ಕನಿಷ್ಠ ಶೇ 1 ನಡೆಯುವವರಿಗೆ ಮತ್ತು ಸೈಕಲ್‌ನವರಿಗೆ ಇಡಬೇಕು ಅಂತಲೂ ಹೇಳುತ್ತದೆ. ಆದರೆ ಬಸ್ ಡ್ರೈವರ್ ಸಂಬಳಕ್ಕೆ ಆಗುವುದಿಲ್ಲ. ಗಡಿಯಾಚೆ ಕೆನಡಾದ ವ್ಯಾಂಕೂವರ್ ನೋಡಿ, ಅಲ್ಲಿ ಲೀಟರ್‌ಗೆ 18.5 ಸೆಂಟ್ ಪ್ರಾದೇಶಿಕ ಪೆಟ್ರೋಲ್ ತೆರಿಗೆ ಟ್ರಾನ್ಸ್‌ಲಿಂಕ್‌ಗೆ ಹೋಗುತ್ತದೆ, ಬಸ್ಸು ರೈಲು ಎರಡನ್ನೂ ಓಡಿಸುವ ಸಂಸ್ಥೆ ಅದು. ಕಾರಿನವರು ಬಸ್ಸಿಗೆ ಕೊಟ್ಟರೆ ರಸ್ತೆಯಲ್ಲಿ ಕಾರುಗಳೇ ಕಡಿಮೆಯಾಗುತ್ತವೆ, ಉಳಿದ ಕಾರಿನವರಿಗೂ ಲಾಭ. ಆರೆಗಾನ್‌ನಲ್ಲಿ ಅದು ಸಾಧ್ಯವಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಇದಕ್ಕೆ ನಗರವನ್ನು ದೂರಿ ಪ್ರಯೋಜನವಿಲ್ಲ.

ತಡ ಆಗುವುದು ದೊಡ್ಡ ದೋಷ. 2019ರಲ್ಲಿ ನಗರದ ಆಡಿಟರ್ ಕಚೇರಿಯೇ ಈ ಯೋಜನೆಯನ್ನು ಪರಿಶೀಲಿಸಿ, ಕೆಲವು ಮಾತು ಉಳಿಸಿಕೊಂಡಿದ್ದಾರೆ, ಇನ್ನು ಕೆಲವಕ್ಕೆ ಇನ್ನೂ ಕೆಲಸ ಬೇಕಿದೆ ಅನ್ನುವ ಅರ್ಥದ ವರದಿ ಕೊಟ್ಟಿತು. ನೈಋತ್ಯದ ಕ್ಯಾಪಿಟಲ್ ಹೈವೇ ಇದಕ್ಕೆ ಒಳ್ಳೆಯ ಉದಾಹರಣೆ. ಮಲ್ಟ್‌ನೋಮಾ ವಿಲೇಜ್‌ನಿಂದ ಮುಂದಕ್ಕೆ ಹೋಗುವ ಆ ರಸ್ತೆಗೆ ಫುಟ್‌ಪಾತ್ ಬೇಕು ಅನ್ನುವುದು 1996ರ ಯೋಜನೆಯಲ್ಲೇ ಇತ್ತು. 2016ರಲ್ಲಿ ಈ ತೆರಿಗೆಯ ಪಟ್ಟಿಗೆ ಸೇರಿತು. ಮುಗಿದದ್ದು 2023ರಲ್ಲಿ. ಮಳೆನೀರು ಹರಿದು ಹೋಗುವ ವ್ಯವಸ್ಥೆಯೇ ಇಲ್ಲದ ಜಾಗ ಅದು, ಮೊದಲು ಚರಂಡಿ, ಆಮೇಲೆ ಫುಟ್‌ಪಾತ್, ಹಾಗಾಗಿ ಬೇರೆ ಇಲಾಖೆಗಳ ದುಡ್ಡೂ ಸೇರಬೇಕಾಯಿತು. ಈ ತೆರಿಗೆಯದು ಅದರಲ್ಲಿ ಒಂದು ಪಾಲು ಮಾತ್ರ. ಈಗ ಹೋಗಿ ನಡೆದು ನೋಡಿ, ಎಷ್ಟು ಚೆನ್ನಾಗಿದೆ ಅಂದರೆ ಮೊದಲು ಇದು ಹೇಗಿತ್ತು ಅನ್ನುವುದನ್ನು ನೆನಪಿಸಿಕೊಳ್ಳುವುದೇ ಕಷ್ಟ. ಆದರೆ ಓಟು ಕೇಳುವಾಗ 'ಇದು ನಾಲ್ಕು ವರ್ಷದಲ್ಲಿ ಆಗುವುದಿಲ್ಲ, ಏಳು ವರ್ಷ ಬೇಕು' ಅಂತ ಮೊದಲೇ ಹೇಳಿದರೆ ಜನರೇನು ಬೇಡ ಅನ್ನುತ್ತಿರಲಿಲ್ಲ. ಇದಕ್ಕೆ ಅರ್ಧ ಸ್ಟಾರ್ ಕಡಿಮೆ.

ಉಳಿದ ಒಂದು ಸ್ಟಾರ್ ಕಡಿಮೆ ಮಾಡಿದ್ದು ತೆರಿಗೆಯ ಕಟ್ಟೋಣಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2017ರಲ್ಲೂ 10 ಸೆಂಟ್, 2025ರಲ್ಲೂ 10 ಸೆಂಟ್, 2028ರಲ್ಲೂ 10 ಸೆಂಟ್. ಪೆಟ್ರೋಲ್ ರೇಟ್ ಏರಿದರೂ ಇಳಿದರೂ ಗ್ಯಾಲನ್‌ಗೆ ಅಷ್ಟೇ. ಕೊಡುವವರಿಗೆ ಇದು ನೆಮ್ಮದಿ, ಪೆಟ್ರೋಲ್ ದುಬಾರಿಯಾದಾಗ ತೆರಿಗೆಯೂ ಜತೆಗೆ ಏರುವುದಿಲ್ಲ. ರಸ್ತೆಗೆ ಮಾತ್ರ ನಷ್ಟ. 2020ರ ವಿಸ್ತರಣೆಗೆ 74.5 ಮಿಲಿಯನ್ ಅಂದಾಜಿತ್ತು, 2024ರದಕ್ಕೆ 70.5. ಅಂದರೆ ದುಡ್ಡೂ ಕಡಿಮೆ, ಆ ದುಡ್ಡಿಗೆ ಬರುವ ಡಾಂಬರೂ ಕಡಿಮೆ. ಇದರ ಜತೆ ಕೋವಿಡ್ ನಂತರ ನಗರಕ್ಕೆ ಪಾರ್ಕಿಂಗ್‌ನಿಂದ ಬರುತ್ತಿದ್ದ ಆದಾಯ ಕುಸಿಯಿತು, ಸಾರಿಗೆ ಬಜೆಟ್‌ನ ಇನ್ನೊಂದು ದೊಡ್ಡ ಕಂಬ ಅದೇ ಆಗಿತ್ತು. ಹಳೆಯ ಬಾಕಿ ರಿಪೇರಿ ಬಿಲಿಯನ್‌ಗಟ್ಟಲೆ ಡಾಲರಿನದು. ಈ ತೆರಿಗೆ ಬಾಕಿ ತೀರಿಸುತ್ತಿಲ್ಲ, ಬೆಳೆಯುವ ವೇಗವನ್ನು ಸ್ವಲ್ಪ ತಗ್ಗಿಸುತ್ತಿದೆ ಅಷ್ಟೇ. ಇದನ್ನು ತಿಳಿದುಕೊಂಡೇ ದುಡ್ಡು ಕೊಡಬೇಕು, ಇಲ್ಲದಿದ್ದರೆ 'ಇಷ್ಟು ವರ್ಷ ಕೊಟ್ಟರೂ ರಸ್ತೆ ಹೀಗೇ ಇದೆ' ಅನ್ನುವ ನಿರಾಸೆ ಖಂಡಿತ.

ಇನ್ನು ಯಾರು ಎಷ್ಟು ಕೊಡುತ್ತಾರೆ ಅನ್ನುವುದು. ಆಗಲೇ ಹೇಳಿದ ಸಾಧಾರಣ ಕಾರಿಗೆ ವರ್ಷಕ್ಕೆ 40 ಡಾಲರ್. ಅಷ್ಟೇ ಓಡುವ, ಗ್ಯಾಲನ್‌ಗೆ 50 ಮೈಲಿ ಕೊಡುವ ಹೈಬ್ರಿಡ್‌ಗೆ 20. ಗ್ಯಾಲನ್‌ಗೆ 15 ಮೈಲಿ ಕೊಡುವ ಹಳೆಯ ವ್ಯಾನಿಗೆ 67ರ ಹತ್ತಿರ. ಎಲೆಕ್ಟ್ರಿಕ್ ಕಾರಿಗೆ ಸೊನ್ನೆ. ರಸ್ತೆಯನ್ನು ನಾಲ್ವರೂ ಒಂದೇ ಥರ ಬಳಸುತ್ತಾರೆ. ಹಳೆಯ ವ್ಯಾನ್ ಓಡಿಸುವವರು ಯಾರು? ಕ್ಲೀನಿಂಗ್ ಕೆಲಸದವರು, ಪೇಂಟಿಂಗ್ ಕೆಲಸದವರು, ಫುಟ್‌ಪಾತ್ ಇಲ್ಲದ ಆ ಪೂರ್ವದ ಕಡೆಯಿಂದ ದಿನಾ ದೂರ ಓಡಾಡುವವರು. ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳಲು ಆಗುವವರು ಏನೂ ಕೊಡುವುದಿಲ್ಲ. ಎಲೆಕ್ಟ್ರಿಕ್ ಕಾರಿಗೆ ರಾಜ್ಯ ರಿಜಿಸ್ಟ್ರೇಷನ್ ಶುಲ್ಕ ಜಾಸ್ತಿ ಇಟ್ಟಿದೆ ನಿಜ, ಆದರೆ ಆ ದುಡ್ಡು ನಗರದ ಈ ಖಾತೆಗೆ ಬರುವುದಿಲ್ಲ. ಹೊಗೆ ಬಿಡದ ಕಾರಿಗೆ ಪ್ರೋತ್ಸಾಹ ಇರಲಿ, ನಾನೂ ಅದರ ಪರವೇ. ರಸ್ತೆ ಸವೆಯುವುದು ಹೊಗೆಯಿಂದಲ್ಲ, ಚಕ್ರದಿಂದ.

ಚಕ್ರ ಅಂದಾಗ ಲಾರಿಗಳ ಮಾತು ಬರಲೇಬೇಕು. 1950ರ ದಶಕದ ಕೊನೆಯಲ್ಲಿ ಇಲಿನಾಯ್ ರಾಜ್ಯದಲ್ಲಿ ಲಾರಿಗಳನ್ನು ಓಡಿಸಿ ಓಡಿಸಿ ಒಂದು ದೊಡ್ಡ ರಸ್ತೆ ಪ್ರಯೋಗ ಮಾಡಿದ್ದರು. ಅದರಿಂದ ತಿಳಿದದ್ದು, ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ನಿಜವಾಗಿ ರಸ್ತೆ ಅರೆಯುವುದು ಭಾರಿ ಲಾರಿಗಳು. ಆರೆಗಾನ್‌ನಲ್ಲಿ 26,000 ಪೌಂಡ್ ಮೀರಿದ ಲಾರಿಗಳು ಗ್ಯಾಲನ್ ಲೆಕ್ಕದ ತೆರಿಗೆ ಕೊಡುವುದಿಲ್ಲ, ತೂಕ ಮತ್ತು ಮೈಲಿ ನೋಡಿ ರಾಜ್ಯಕ್ಕೆ ಬೇರೆ ತೆರಿಗೆ ಕೊಡುತ್ತವೆ. ಹಾಗಾಗಿ ನಗರ 10 ಸೆಂಟ್ ತಂದಾಗಲೇ ಲಾರಿಗಳಿಗೆ ಬೇರೆ ಒಂದು ತೆರಿಗೆ ಇಟ್ಟಿತು, ರಾಜ್ಯಕ್ಕೆ ಕೊಡುವುದರ ಮೇಲೆ ಇಂತಿಷ್ಟು ಅಂತ. ಇದು ಸರಿಯಾದ ಯೋಚನೆ. ತೂಕಕ್ಕೂ ಮೈಲಿಗೂ ತೆರಿಗೆ ಹಾಕುವ ಬುದ್ಧಿ ಆರೆಗಾನ್‌ಗೆ ಲಾರಿ ವಿಷಯದಲ್ಲಿ ಎಷ್ಟೋ ಹಿಂದೆಯೇ ಬಂದಿದೆ. ಕಾರಿಗೂ ಅದನ್ನೇ ತರಲು 2015ರಿಂದ 'ಓರಿಗೋ' ಅನ್ನುವ ಮೈಲಿ ಲೆಕ್ಕದ ವ್ಯವಸ್ಥೆ ನಡೆಸುತ್ತಿದೆ, ಇಷ್ಟ ಇದ್ದವರು ಸೇರಬಹುದು. ಮುಂದಿನ ದಾರಿ ಅಲ್ಲೇ ಇದೆ ಅನ್ನಿಸುತ್ತದೆ.

ಇಷ್ಟೆಲ್ಲ ದೋಷ ಹೇಳಿದ ಮೇಲೂ 3.5 ಯಾಕೆ ಕೊಟ್ಟೆ? ಆ ನಾಲ್ಕು ವರ್ಷದ ಗಡುವಿಗೆ. ಅದೇ ಇದರ ಜೀವಾಳ.

ಗಡುವು ಇರುವುದರಿಂದ ನಗರ ಪ್ರತಿ ಸಲ ಪಟ್ಟಿ ಹಿಡಿದುಕೊಂಡು ಬರಬೇಕಾಗುತ್ತದೆ. ಹೋದ ಸಲ ಇಷ್ಟು ಹೇಳಿದ್ದೆವು, ಇಷ್ಟು ಆಯಿತು, ಮುಂದೆ ಇದು ಮಾಡುತ್ತೇವೆ ಅಂತ. ಜನರ ಕಡೆಯಿಂದ ಒಂದು ಉಸ್ತುವಾರಿ ಸಮಿತಿ ಇದೆ, ಅವರು ಸಭೆ ಸೇರಿ ದುಡ್ಡು ಎಲ್ಲಿ ಹೋಯಿತು ಅಂತ ಕೇಳುತ್ತಾರೆ, ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಶೇ 52 ಇದ್ದದ್ದು ಶೇ 77ಕ್ಕೆ ಏರಿದ್ದರ ಹಿಂದೆ ಈ ಲೆಕ್ಕ ಕೊಡುವ ಅಭ್ಯಾಸ ಇದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಏನಾಯಿತು ನೋಡಿ. 2018ರ ಜುಲೈನಲ್ಲಿ ಲೀಟರ್‌ಗೆ 10 ಸೆಂಟ್, ಮೇಲೆ ಜಿಎಸ್‌ಟಿ ಸೇರಿ 11.5 ಸೆಂಟ್ ಪ್ರಾದೇಶಿಕ ಇಂಧನ ತೆರಿಗೆ ಬಂತು, ಹತ್ತು ವರ್ಷಕ್ಕೆ ಅಂತ. ದೇಶದಲ್ಲಿ ಸರ್ಕಾರ ಬದಲಾಯಿತು, 2024ರ ಜೂನ್ 30ಕ್ಕೆ ನಿಂತುಹೋಯಿತು. ಅದನ್ನು ನಂಬಿ ಮಾಡಿದ್ದ ಬಸ್ಸು, ರಸ್ತೆ ಯೋಜನೆಗಳು ದುಡ್ಡಿಗೆ ಬೇರೆ ದಾರಿ ಹುಡುಕಬೇಕಾಯಿತು. ಅಲ್ಲಿ ಜನ ನೇರವಾಗಿ ಓಟು ಹಾಕಿ ತಂದ ತೆರಿಗೆಯಲ್ಲ, ಮೇಲಿನವರು ತಂದದ್ದು, ಮೇಲಿನವರೇ ತೆಗೆದರು. ಪೋರ್ಟ್‌ಲೆಂಡ್‌ನಲ್ಲಿ 2016ರಿಂದ ಎಷ್ಟೋ ಕಮಿಷನರ್‌ಗಳು ಬಂದು ಹೋದರು, ಆಡಳಿತದ ಮಾದರಿಯೇ ಬದಲಾಯಿತು, ತೆರಿಗೆ ಅಲುಗಾಡಲಿಲ್ಲ. ಜನರದ್ದೇ ಆಗಿದ್ದರೆ ಹೀಗೆ ಉಳಿಯುತ್ತದೆ.

ಗಡುವಿಗೆ ಒಂದು ಅನಾನುಕೂಲವೂ ಇದೆ. ನಾಲ್ಕೇ ವರ್ಷದ ದುಡ್ಡು ನಂಬಿಕೊಂಡು ಸೇತುವೆಯಂಥ ದೊಡ್ಡ ಕೆಲಸಕ್ಕೆ ಕೈ ಹಾಕುವುದು ಕಷ್ಟ, ಹಾಗಾಗಿ ಚಿಕ್ಕ ಚಿಕ್ಕ ಕೆಲಸಗಳೇ ಪಟ್ಟಿಯಲ್ಲಿ ಜಾಸ್ತಿ. ನನಗೆ ಅದು ಒಪ್ಪಿಗೆ. ಜನ ದಿನಾ ದಾಟುವ ಕ್ರಾಸಿಂಗ್ ಚಿಕ್ಕ ಕೆಲಸವೇ.

ಹಿಲ್ಸ್‌ಬೊರೊ, ಬೀವರ್ಟನ್ ಕಡೆ ಇರುವ ನಮ್ಮವರು ತುಂಬಾ ಜನ ಇದನ್ನು ಓದುತ್ತಿರಬಹುದು. ನಿಮ್ಮದು ವಾಷಿಂಗ್ಟನ್ ಕೌಂಟಿ, ಈ 10 ಸೆಂಟ್ ನಿಮಗೆ ಅಲ್ಲಿ ಇಲ್ಲ. ಪೋರ್ಟ್‌ಲೆಂಡ್‌ನಲ್ಲಿ ಇರುವವರು ಅದನ್ನು ಉಳಿಸಲು ಅಷ್ಟು ದೂರ ಹೋಗಿ ಹಾಕಿಸಿಕೊಂಡು ಬರುತ್ತಾರೆ ಅಂತ ಕೇಳಿದ್ದೇನೆ. 12 ಗ್ಯಾಲನ್ ಟ್ಯಾಂಕಿಗೆ ಉಳಿಯುವುದು 1 ಡಾಲರ್ 20 ಸೆಂಟ್, ಹೋಗಿ ಬರುವ ಪೆಟ್ರೋಲ್‌ಗೆ ಅದು ಸರಿಹೋಗುತ್ತದೆ. ಕೆಲಸಕ್ಕೆ ಆ ಕಡೆ ಹೋಗುವುದಿದ್ದರೆ ಬೇರೆ ಮಾತು. ವಾರಾಂತ್ಯಕ್ಕೆ ಪೋರ್ಟ್‌ಲೆಂಡ್‌ಗೆ ಬಂದಾಗ ಇಲ್ಲೇ ಒಮ್ಮೆ ಟ್ಯಾಂಕ್ ತುಂಬಿಸಿದರೆ ನೀವು ಓಡಾಡಿದ ರಸ್ತೆಗೆ ನಿಮ್ಮ ಪಾಲೂ ಸೇರುತ್ತದೆ. ಹೊರಗಿಂದ ಬಂದು ಹೋಗುವವರೂ ಕೊಡುತ್ತಾರೆ ಅನ್ನುವುದು ಮನೆ ಶುಲ್ಕಕ್ಕಿಂತ ಪೆಟ್ರೋಲ್ ತೆರಿಗೆಯಲ್ಲಿ ಮೆಚ್ಚಬೇಕಾದ ಗುಣ.

ನನ್ನ ಹಾಗೆ ವೀಸಾದಲ್ಲಿ ಇರುವವರಿಗೆ ಓಟಿಲ್ಲ, ತೆರಿಗೆ ಮಾತ್ರ ಇದೆ. ಇದು ಒಳಗೆ ಸ್ವಲ್ಪ ಚುಚ್ಚುತ್ತದೆ ನಿಜ. ಆದರೆ ಓಟು ಇಲ್ಲದಿದ್ದರೂ ಬಾಯಿ ಇದೆ. ನಗರ ಪಟ್ಟಿ ತಯಾರಿಸುವಾಗ ಜನರ ಅಭಿಪ್ರಾಯ ಕೇಳುತ್ತದೆ, ಪೌರತ್ವ ಕೇಳುವುದಿಲ್ಲ. ನಿಮ್ಮ ಮಗುವಿನ ಶಾಲೆ ಮುಂದಿನ ಕ್ರಾಸಿಂಗ್ ಅಪಾಯಕಾರಿ ಅನ್ನಿಸಿದರೆ ಅದನ್ನು ಬರೆದು ಕಳಿಸುವ ಹಕ್ಕು ನಿಮಗೂ ಇದೆ.

ಈಗಿನ ಅವಧಿ 2028ರ ಡಿಸೆಂಬರ್‌ಗೆ ಮುಗಿಯುತ್ತದೆ. ಮತ್ತೆ ಕೇಳಲು ಬಂದೇ ಬರುತ್ತಾರೆ. ಆಗ ಬರೀ 10 ಸೆಂಟ್ ಮುಂದುವರಿಸಿ ಅಂತ ಕೇಳಿದರೆ ಸಾಲದು. ಎಲೆಕ್ಟ್ರಿಕ್ ಕಾರುಗಳು ಆ ಹೊತ್ತಿಗೆ ಇನ್ನೂ ಜಾಸ್ತಿ ಆಗಿರುತ್ತವೆ, ಅವುಗಳ ಪಾಲು ಹೇಗೆ ತರುತ್ತೀರಿ ಅಂತ ಕೇಳಬೇಕು. ಹಳೆಯ ವ್ಯಾನಿನವರ ಹೊರೆ ಹೇಗೆ ಇಳಿಸುತ್ತೀರಿ ಅಂತ ಕೇಳಬೇಕು. ಪಟ್ಟಿಯ ಪ್ರತಿ ಕೆಲಸದ ಮುಂದೆ ಮುಗಿಯುವ ವರ್ಷ ಬರೆಯಿರಿ ಅಂತ ಕೇಳಬೇಕು. ಪೌರತ್ವ ಸಿಕ್ಕಿ ಓಟು ಇರುವವರಿಗೆ ನನ್ನ ವಿನಂತಿ ಇಷ್ಟೇ. ಆರೆಗಾನ್‌ನಲ್ಲಿ ಬ್ಯಾಲೆಟ್ ಮನೆಗೇ ಪೋಸ್ಟ್‌ನಲ್ಲಿ ಬರುತ್ತದೆ, ಜತೆಗೆ ಪರ ವಿರೋಧ ಎರಡೂ ವಾದ ಇರುವ ಪುಸ್ತಕವೂ ಬರುತ್ತದೆ. ಅಧ್ಯಕ್ಷರ ಹೆಸರಿಗೆ ಮಾತ್ರ ಗುರುತು ಹಾಕಿ ಕವರ್ ಅಂಟಿಸಬೇಡಿ. ಕೆಳಗಿನ ಸಾಲುಗಳಲ್ಲಿ ಎಲ್ಲೋ ಈ ತೆರಿಗೆಯ ಪ್ರಶ್ನೆ ಇರುತ್ತದೆ, ಉಸ್ತುವಾರಿ ಸಮಿತಿ ಏನು ಹೇಳಿದೆ ಅಂತ ಓದಿ, ನಿಮ್ಮ ಬೀದಿಯ ಹೆಸರು ಪಟ್ಟಿಯಲ್ಲಿ ಇದೆಯಾ ನೋಡಿ, ಆಮೇಲೆ ಓಟು ಹಾಕಿ.